ಬಿಪಿಟಿ 5204ಕ್ಕೆ ಅಂಗಮಾರಿ ನಿರೋಧಕ ಜೀನ್ ತರುವಾಗ ಮಾರ್ಕರ್ ಬಳಕೆ: ಎಲ್ಲಿ ಎಡವುತ್ತಾರೆ?

ಹೊಸಚಿಗುರು
ಜೆನೆಟಿಕ್ ಮಾರ್ಕರ್ ಎಂದರೆ ವರ್ಣತಂತುವಿನ ಮೇಲೆ ಜಾಗ ಗೊತ್ತಿರುವ, ಗುರುತು ಹಿಡಿಯಬಹುದಾದ ಡಿಎನ್ಎ ತುಣುಕು ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತೆ. ಅದರ ಕೆಳಗೆ ಆರ್‌ಎಫ್‌ಎಲ್‌ಪಿ, ಆರ್‌ಎಪಿಡಿ, ಎಸ್‌ಎಸ್‌ಆರ್, ಎಸ್‌ಎನ್‌ಪಿ ಪಟ್ಟಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಭತ್ತದ ದುಂಡಾಣು ಅಂಗಮಾರಿಗೆ ನಿರೋಧಕ ತಳಿ ಮಾಡುವವರು ಇದನ್ನು ನಿಜವಾಗಿ ಹೇಗೆ ಬಳಸುತ್ತಾರೆ? ಎಷ್ಟು ಗಿಡ ಬೇಕು, ಲ್ಯಾಬಿನಲ್ಲಿ ಏನೇನು ಅಳತೆ, ಎಲ್ಲಿ ತಪ್ಪಾಗುತ್ತೆ? ತಿಳಿದವರು ಸ್ವಲ್ಪ ಬಿಡಿಸಿ ಬರೆಯಿರಿ.

ತಳಿಸಾಲು
ಒಳ್ಳೆ ಉದಾಹರಣೆ ಹಿಡಿದಿದ್ದೀರಿ. ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ಬಾಪಟ್ಲಾದಿಂದ 1986ರಲ್ಲಿ ಬಂದ ತಳಿ. ಸಣ್ಣ ಅಕ್ಕಿ, ಒಳ್ಳೆ ಅನ್ನ, ಒಳ್ಳೆ ರೇಟು. ತುಂಗಭದ್ರಾ ಬಯಲಿನಲ್ಲಿ ಅದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಆದರೆ ಅಂಗಮಾರಿ ಬಂದರೆ ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ (ಈಗಿನ ಐಐಆರ್‌ಆರ್) ಮತ್ತು ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸೇರಿ ಎಸ್‌ಎಸ್ 1113 ಎಂಬ ದಾನಿ ಸಾಲಿನಿಂದ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಮೂರೂ ಜೀನ್‌ಗಳನ್ನು ಇದಕ್ಕೆ ತಂದರು. 2008ರಲ್ಲಿ ಬಿಡುಗಡೆಯಾದ ಇಂಪ್ರೂವ್ಡ್ ಸಾಂಬಾ ಮಸೂರಿ ಅದೇ.

ಇಲ್ಲಿ ಮಾರ್ಕರ್ ಯಾಕೆ ಬೇಕಾಯಿತು ಅನ್ನುವುದೇ ಮುಖ್ಯ. ಎಕ್ಸ್‌ಎ21 ಪ್ರಬಲ ಜೀನ್, ಒಂದು ಪ್ರತಿ ಇದ್ದರೂ ಗಿಡ ರೋಗ ತಡೆಯುತ್ತೆ. ಎಕ್ಸ್‌ಎ13, ಎಕ್ಸ್‌ಎ5 ಎರಡೂ ರಿಸೆಸಿವ್, ಅಂದರೆ ಎರಡು ಪ್ರತಿ ಇದ್ದರೆ ಮಾತ್ರ ಗುಣ ತೋರಿಸುತ್ತವೆ. ಬಿಪಿಟಿಗೆ ಬ್ಯಾಕ್‌ಕ್ರಾಸ್ (ಮಿಶ್ರ ಗಿಡವನ್ನು ಮತ್ತೆ ಬಿಪಿಟಿಯ ಜತೆಗೇ ಕೂಡಿಸುವುದು) ಮಾಡಿದಾಗ ಹುಟ್ಟುವ ಗಿಡದಲ್ಲಿ ಅವುಗಳ ಒಂದೇ ಪ್ರತಿ ಇರುತ್ತೆ, ಹಾಗಾಗಿ ಗುಣ ಹೊರಗೆ ಕಾಣಲ್ಲ. ರೋಗಾಣು ಚುಚ್ಚಿ ನೋಡಿದರೂ ಜೀನ್ ಇದ್ದದ್ದು ಇಲ್ಲದ್ದು ಒಂದೇ ಥರ ಒಣಗುತ್ತೆ. ಹಳೆ ಪದ್ಧತಿಯಲ್ಲಾದರೆ ಪ್ರತಿ ಬ್ಯಾಕ್‌ಕ್ರಾಸ್ ಆದಮೇಲೂ ಒಂದು ತಲೆಮಾರು ಸ್ವಪರಾಗ ಮಾಡಿಸಿ, ಅದರ ಮಕ್ಕಳಿಗೆ ರೋಗ ಕೊಟ್ಟು ನೋಡಿ ಮುಂದಕ್ಕೆ ಹೋಗಬೇಕಿತ್ತು. ಮೂರು ಜೀನ್ ಒಟ್ಟಿಗಿದ್ದರೆ ಇನ್ನೂ ಫಜೀತಿ: ಎಕ್ಸ್‌ಎ21 ಒಂದೇ ರೋಗ ತಡೆದರೆ ಉಳಿದೆರಡು ಇವೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಮಾರ್ಕರ್ ಆದರೆ ಇಪ್ಪತ್ತು ದಿನದ ಸಸಿಯ ಎಲೆಯಲ್ಲೇ ಮೂರನ್ನೂ ಬೇರೆ ಬೇರೆ ಓದುತ್ತೆ.

ಹೊಸಚಿಗುರು
ಅಂದರೆ ಮಾರ್ಕರ್ ಅಂದರೆ ಆ ಜೀನೇ ಅಲ್ಲವೇ?

ಜೆಲ್‌ಪಟ್ಟಿ
ಕೆಲವು ಸಲ ಹೌದು, ಬಹಳ ಸಲ ಅಲ್ಲ. ಎಡವುವುದು ಮೊದಲು ಇಲ್ಲೇ.

'ಆಲದ ಮರದ ಪಕ್ಕದ ಮನೆ' ಅಂತ ವಿಳಾಸ ಹೇಳುತ್ತೇವಲ್ಲ, ಬಹುತೇಕ ಮಾರ್ಕರ್‌ಗಳು ಆ ಮರ ಇದ್ದ ಹಾಗೆ. ಮೂರು ಜೀನ್‌ಗಳನ್ನೇ ನೋಡಿ. ಎಕ್ಸ್‌ಎ21 ಇರುವುದು 11ನೇ ವರ್ಣತಂತುವಿನಲ್ಲಿ, ಬಂದದ್ದು ಆಫ್ರಿಕಾದ ಕಾಡುಭತ್ತ ಒರೈಝಾ ಲಾಂಜಿಸ್ಟಾಮಿನೇಟಾದಿಂದ. ಅದನ್ನು ಹಿಡಿಯುವ ಪಿಟಿಎ248 ಮಾರ್ಕರ್ ಜೀನಿಗೆ ತೀರಾ ಹತ್ತಿರ ಅಂಟಿಕೊಂಡಿದೆ, ಜೀನ್ ಅಲ್ಲ. ನಿರೋಧಕ ಗಿಡದಲ್ಲಿ ಸುಮಾರು 1000 ಬೇಸ್ ಜೋಡಿಯ (ಡಿಎನ್ಎ ಉದ್ದದ ಅಳತೆ) ಪಟ್ಟಿ, ಅಂದರೆ ಜೆಲ್ ಮೇಲೆ ಕಾಣುವ ಗೆರೆ, ರೋಗಕ್ಕೆ ತುತ್ತಾಗುವುದರಲ್ಲಿ ಅದಕ್ಕಿಂತ ಸಾಕಷ್ಟು ಚಿಕ್ಕದು. ಎಕ್ಸ್‌ಎ13 ಇರುವುದು 8ನೇ ವರ್ಣತಂತುವಿನಲ್ಲಿ. ಅದರ ಪ್ರೊಮೋಟರ್‌ನಲ್ಲೇ (ಜೀನನ್ನು ಚಾಲೂ ಮಾಡುವ ಭಾಗ) ವ್ಯತ್ಯಾಸ ಇರುವುದರಿಂದ 'ಎಕ್ಸ್‌ಎ13 ಪ್ರಾಮ್' ಮಾರ್ಕರ್ ನೇರ ಜೀನನ್ನೇ ಓದುತ್ತೆ: ನಿರೋಧಕಕ್ಕೆ ಸುಮಾರು 500, ಇನ್ನೊಂದಕ್ಕೆ ಸುಮಾರು 250. ಎಕ್ಸ್‌ಎ5 5ನೇ ವರ್ಣತಂತುವಿನಲ್ಲಿ. ಪ್ರೋಟೀನಿನ 39ನೇ ಜಾಗದಲ್ಲಿ ವೇಲಿನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದಿದೆ, ವ್ಯತ್ಯಾಸ ಅಷ್ಟೇ. ಉದ್ದ ಬದಲಾಗಿಲ್ಲದ ಕಾರಣ ಸಾದಾ ಪಿಸಿಆರ್‌ನಲ್ಲಿ (ಡಿಎನ್ಎಯ ಒಂದು ತುಣುಕನ್ನು ಲಕ್ಷಾಂತರ ನಕಲು ಮಾಡುವ ವಿಧಾನ) ಅದು ಕಾಣಲ್ಲ. ಅದಕ್ಕೇ ಪಕ್ಕದಲ್ಲಿರುವ ಆರ್‌ಎಂ122 ಎಂಬ ಎಸ್‌ಎಸ್‌ಆರ್ ಬಳಸುವುದು ರೂಢಿ.

ಎಸ್‌ಎಸ್‌ಆರ್ ಅಂದರೆ ಎರಡು ಮೂರು ಅಕ್ಷರದ ತುಣುಕು (ಜಿಎ, ಜಿಎ, ಜಿಎ...) ಸಾಲಾಗಿ ಬರುವ ಜಾಗ. ಒಂದು ತಳಿಯಲ್ಲಿ 12 ಸಲ ಇದ್ದರೆ ಇನ್ನೊಂದರಲ್ಲಿ 18 ಸಲ ಇರಬಹುದು. ಎರಡೂ ಬದಿಯಲ್ಲಿ ಪ್ರೈಮರ್ (ನಕಲು ಶುರುವಾಗುವ ಜಾಗ ಹಿಡಿಯುವ ಚಿಕ್ಕ ಡಿಎನ್ಎ ತುಣುಕು) ಇಟ್ಟು ಪಿಸಿಆರ್ ಮಾಡಿದರೆ ಉದ್ದ ಬೇರೆ ಬೇರೆ ಬರುತ್ತೆ. ತಾಯಿ ತಂದೆ ಎರಡರ ಪಟ್ಟಿಯೂ ಮಿಶ್ರ ಗಿಡದಲ್ಲಿ ಕಾಣುತ್ತೆ, ಇದಕ್ಕೇ ಕೋಡಾಮಿನೆಂಟ್ ಅನ್ನುವುದು. ಆರ್‌ಎಪಿಡಿಯಲ್ಲಿ ಪಟ್ಟಿ ಇದೆ ಅಥವಾ ಇಲ್ಲ, ಅಷ್ಟೇ. ಮಿಶ್ರ ಗಿಡವೋ ಶುದ್ಧವೋ ಹೇಳಕ್ಕಾಗಲ್ಲ, ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿದರೆ ಅದೇ ಪಟ್ಟಿ ಬರುತ್ತೆ ಅನ್ನುವ ಖಾತ್ರಿಯೂ ಇಲ್ಲ. ನನ್ನ ಕೇಳಿದರೆ ಆರ್‌ಎಪಿಡಿಯನ್ನು ಈಗ ಪಠ್ಯದಿಂದ ಬಿಟ್ಟರೂ ನಷ್ಟವಿಲ್ಲ.

ಎಣಿಕೆ
'ಪಕ್ಕದಲ್ಲಿದೆ' ಅನ್ನುವುದಕ್ಕೆ ಲೆಕ್ಕ ಇದೆ. ಮಾರ್ಕರ್ ಜೀನಿನಿಂದ 5 ಸೆಂಟಿಮಾರ್ಗನ್ ದೂರ ಇದ್ದರೆ ಪ್ರತಿ ತಲೆಮಾರಿನಲ್ಲಿ ನೂರಕ್ಕೆ 5ರಷ್ಟು ಸಲ ಎರಡೂ ಬೇರ್ಪಡುತ್ತವೆ. ಒಂದೇ ಬದಿಯ ಮಾರ್ಕರ್ ನಂಬಿ ನಾಲ್ಕನೇ ಬ್ಯಾಕ್‌ಕ್ರಾಸ್ ಮುಟ್ಟಿದರೆ 0.95ರ ನಾಲ್ಕನೇ ಘಾತ, ಅಂದರೆ 0.81. ಮಾರ್ಕರ್ ಇದ್ದೂ ಜೀನ್ ಕಳೆದುಕೊಂಡ ಗಿಡ ನೂರಕ್ಕೆ 18–19. ಜೀನಿನ ಎರಡೂ ಬದಿಗೆ ಐದೈದು ಸೆಂಟಿಮಾರ್ಗನ್ ದೂರದಲ್ಲಿ ಒಂದೊಂದು ಮಾರ್ಕರ್ ಇಟ್ಟು, ಎರಡೂ ಇರುವ ಗಿಡವನ್ನೇ ಆರಿಸಿದರೆ ತಪ್ಪುವ ಸಾಧ್ಯತೆ ತಲೆಮಾರಿಗೆ ಸುಮಾರು 0.25 ಶೇಕಡಾಕ್ಕೆ ಇಳಿಯುತ್ತೆ.

ಗಿಡಗಳ ಸಂಖ್ಯೆಗೂ ಇದೇ ಥರ. ಬ್ಯಾಕ್‌ಕ್ರಾಸ್‌ನಲ್ಲಿ ಮೂರೂ ಜೀನ್ ಬರುವುದು 8ಕ್ಕೆ 1. ಒಂದಾದರೂ ಸಿಗಬೇಕು ಅನ್ನಲು 99 ಶೇಕಡಾ ಭರವಸೆ ಬೇಕಾದರೆ 35 ಗಿಡ ಪರೀಕ್ಷೆಗೆ ಬೇಕು. ಕೊನೆಗೆ ಸ್ವಪರಾಗ ಮಾಡಿಸಿ ಮೂರೂ ಜೀನ್ ಜೋಡಿಯಾಗಿ ಬೇಕಾದಾಗ 64ಕ್ಕೆ 1, ಅದೇ ಭರವಸೆಗೆ 293 ಗಿಡ. ಬಹಳ ಜನ ಅಲ್ಲಿ ಐವತ್ತು ಗಿಡ ನೆಟ್ಟು ಸಿಗಲಿಲ್ಲ ಅಂತ ಕೂರುತ್ತಾರೆ.

ತಳಿಸಾಲು
35 ಕಾಗದದ ಲೆಕ್ಕ. ಒಂದೇ ಗಿಡ ಸಿಕ್ಕರೆ ಆರಿಸುವುದಕ್ಕೆ ಏನೂ ಉಳಿಯಲ್ಲ. ನೂರು ಗಿಡ ಇದ್ದರೆ ಮೂರೂ ಜೀನ್ ಇರುವವು ಹನ್ನೆರಡರ ಆಸುಪಾಸು ಸಿಗುತ್ತವೆ, ಅವುಗಳಲ್ಲಿ ಬಿಪಿಟಿ ಅಂಶ ಜಾಸ್ತಿ ಇರುವುದನ್ನು ಹಿಡಿಯಬಹುದು.

ಎಣಿಕೆಯವರು ಬಿಟ್ಟ ಇನ್ನೊಂದು ವಿಷಯ. ಜೀನ್ ಒಂದೇ ಬರಲ್ಲ, ದಾನಿಯ ವರ್ಣತಂತುವಿನ ತುಂಡೂ ಜತೆಗೆ ಬರುತ್ತೆ. ಆ ತುಂಡಿನಲ್ಲಿ ಕಾಳು ದಪ್ಪ ಮಾಡುವ, ಗಿಡ ಎತ್ತರ ಮಾಡುವ ಏನಾದರೂ ಇದ್ದರೆ ಬಿಪಿಟಿಗೆ ಬಿಪಿಟಿ ರೇಟು ಸಿಗಲ್ಲ. ಅದನ್ನು ಕತ್ತರಿಸಲು ಜೀನಿನ ಆಚೆಗೆ ಸ್ವಲ್ಪ ದೂರದ ಮಾರ್ಕರ್‌ನಲ್ಲಿ ಬಿಪಿಟಿ ಪಟ್ಟಿ ಮರಳಿದ ಗಿಡ ಹುಡುಕಬೇಕು. 5 ಸೆಂಟಿಮಾರ್ಗನ್ ಒಳಗೆ ಒಂದು ಬದಿ ತುಂಡಾದ ಗಿಡ ಸಿಗಲು ಜೀನ್ ಇರುವ ಗಿಡಗಳಲ್ಲೇ ಸುಮಾರು 90 ನೋಡಬೇಕು. ಎರಡೂ ಬದಿ ಒಂದೇ ತಲೆಮಾರಿನಲ್ಲಿ ಆಗಲಿ ಅಂತ ಆಸೆಪಡುವುದು ದುಡ್ಡು ದಂಡ. ಮೊದಲ ಬ್ಯಾಕ್‌ಕ್ರಾಸ್‌ನಲ್ಲಿ ಒಂದು ಬದಿ, ಎರಡನೆಯದರಲ್ಲಿ ಇನ್ನೊಂದು ಬದಿ.

ಹೊಸಚಿಗುರು
ಬಿಪಿಟಿ ಅಂಶ ಎಷ್ಟಿದೆ ಅಂತ ಹೇಗೆ ಅಳೆಯುತ್ತಾರೆ? ಮೊದಲ ಬ್ಯಾಕ್‌ಕ್ರಾಸ್‌ಗೆ 75, ಎರಡನೆಯದಕ್ಕೆ 87.5 ಅಂತ ಓದಿದ್ದೆ.

ಎಣಿಕೆ
ಅದು ಸರಾಸರಿ. ಗಿಡದಿಂದ ಗಿಡಕ್ಕೆ ಬಹಳ ವ್ಯತ್ಯಾಸ ಇರುತ್ತೆ, ಮಾರ್ಕರ್‌ನ ಲಾಭವೇ ಅಲ್ಲಿರುವುದು. 12 ವರ್ಣತಂತುಗಳಿಗೂ ಹರಡುವಂತೆ ದಾನಿ ಮತ್ತು ಬಿಪಿಟಿ ನಡುವೆ ಭಿನ್ನವಾಗಿ ಕಾಣುವ 60 ಮಾರ್ಕರ್ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಗಿಡದಲ್ಲಿ 48 ಕಡೆ ಬಿಪಿಟಿ ಪಟ್ಟಿ ಮಾತ್ರ, 12 ಕಡೆ ಎರಡೂ ಪಟ್ಟಿ. ಎರಡೂ ಇರುವುದನ್ನು ಅರ್ಧ ಅಂತ ಹಿಡಿಯಬೇಕು: 48 + 6 = 54, ಭಾಗಿಸು 60, ಅಂದರೆ 90 ಶೇಕಡಾ. ಎರಡನೇ ಬ್ಯಾಕ್‌ಕ್ರಾಸ್‌ನಲ್ಲಿ ಇಂಥ ಗಿಡ ಸಿಕ್ಕರೆ ಸರಾಸರಿಗಿಂತ ಮುಂದಿದ್ದೀರಿ. ಅರ್ಧ ಮಾಡುವುದನ್ನು ಮರೆತು 48/60 ಅಂತ 80 ಬರೆದವರೂ ಇದ್ದಾರೆ, 12ನ್ನೂ ಪೂರ್ತಿ ಬಿಪಿಟಿಗೆ ಸೇರಿಸಿ 100 ಬರೆದವರೂ ಇದ್ದಾರೆ. ಮತ್ತೆ, ಈ ಸಂಖ್ಯೆ ನೀವು ನೋಡಿದ 60 ಜಾಗದ್ದು ಮಾತ್ರ. ಎರಡು ಮಾರ್ಕರ್ ನಡುವಿನ ಖಾಲಿ ಜಾಗದಲ್ಲಿ ದಾನಿಯ ತುಂಡು ಕೂತಿದ್ದರೆ ಅದು ಲೆಕ್ಕಕ್ಕೆ ಬರಲ್ಲ.

ಜೆಲ್‌ಪಟ್ಟಿ
ಲ್ಯಾಬಿನ ಅಳತೆ ಕೇಳಿದ್ದರಲ್ಲ, ಬರೆಯುತ್ತೇನೆ.

ಡಿಎನ್ಎಗೆ ಎಳೆಯ ಎಲೆ, ಸುಮಾರು 100 ಮಿಲಿಗ್ರಾಂ. ಬಲಿತ ಎಲೆ ಬೇಡ, ಪಾಲಿಸ್ಯಾಕರೈಡ್ ಜಾಸ್ತಿ. ಡಿಎನ್ಎ ಹೊರತೆಗೆಯುವ ಸಿಟಿಎಬಿ ಬಫರ್: ಸಿಟಿಎಬಿ 2 ಶೇಕಡಾ, ಟ್ರಿಸ್ 100 ಮಿಲಿಮೋಲಾರ್ (ಪಿಹೆಚ್ 8), ಇಡಿಟಿಎ 20 ಮಿಲಿಮೋಲಾರ್, ಉಪ್ಪು 1.4 ಮೋಲಾರ್, ಬೀಟಾ ಮರ್ಕ್ಯಾಪ್ಟೋಎಥನಾಲ್ 0.2 ಶೇಕಡಾ, ಅದು ಬಳಸುವ ಹೊತ್ತಿಗೆ ಮಾತ್ರ, ಫ್ಯೂಮ್ ಹುಡ್ ಒಳಗೆ. 65 ಡಿಗ್ರಿಯಲ್ಲಿ 30ರಿಂದ 60 ನಿಮಿಷ, ನಡುನಡುವೆ ತಲೆಕೆಳಗು ಮಾಡಿ. ಅಷ್ಟೇ ಅಳತೆಯ ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ (24:1) ಹಾಕಿ ಸೆಂಟ್ರಿಫ್ಯೂಜ್. ಮೇಲಿನ ತಿಳಿ ತೆಗೆಯುವಾಗ ಮಧ್ಯದ ಬಿಳಿ ಪದರ ಮುಟ್ಟಬೇಡಿ, ಸ್ವಲ್ಪ ತಿಳಿ ಬಿಟ್ಟರೂ ಪರವಾಗಿಲ್ಲ. ತಣ್ಣನೆಯ ಐಸೋಪ್ರೊಪನಾಲ್ ಮುಕ್ಕಾಲು ಭಾಗದಷ್ಟು ಒಳಗೇ ಸಾಕು. 70 ಶೇಕಡಾ ಎಥನಾಲ್‌ನಲ್ಲಿ ತೊಳೆದು, ಗಾಳಿಗೆ ಆರಿಸಿ, 50–100 ಮೈಕ್ರೋಲೀಟರ್ ಟಿಇ ಬಫರ್‌ನಲ್ಲಿ ಕರಗಿಸಿ.

10 ಮೈಕ್ರೋಲೀಟರ್ ಪಿಸಿಆರ್‌ಗೆ: ಡಿಎನ್ಎ ಸುಮಾರು 50 ನ್ಯಾನೋಗ್ರಾಂ, 10 ಎಕ್ಸ್ ಬಫರ್ 1 ಮೈಕ್ರೋಲೀಟರ್, ಡಿಎನ್‌ಟಿಪಿ ಒಂದೊಂದೂ 0.2 ಮಿಲಿಮೋಲಾರ್, ಪ್ರೈಮರ್ ಒಂದೊಂದೂ 0.2–0.5 ಮೈಕ್ರೋಮೋಲಾರ್, ಟ್ಯಾಕ್ (ನಕಲು ಮಾಡುವ ಕಿಣ್ವ) 0.5 ಯೂನಿಟ್, ಉಳಿದದ್ದು ನೀರು. ಮೆಗ್ನೀಷಿಯಂ 1.5 ಮಿಲಿಮೋಲಾರ್ ಇರಬೇಕು. ಬಫರ್ ಬಾಟಲಿ ಮೇಲೆ ಮೊದಲೇ ಸೇರಿಸಿದೆ ಅಂತ ಬರೆದಿದ್ದರೆ ಮತ್ತೆ ಹಾಕಬೇಡಿ. ಎರಡು ಪಟ್ಟಾದರೆ ಬೇಡದ ಪಟ್ಟಿಗಳ ಸಂತೆ. 94 ಡಿಗ್ರಿ 5 ನಿಮಿಷ. ಆಮೇಲೆ 94ರಲ್ಲಿ 30 ಸೆಕೆಂಡ್, 55ರಲ್ಲಿ 30 ಸೆಕೆಂಡ್, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 7 ನಿಮಿಷ. ಪಿಟಿಎ248ಕ್ಕೆ 1.5 ಶೇಕಡಾ ಅಗರೋಸ್ ಸಾಕು. ಆರ್‌ಎಂ122 ಥರದ ಎಸ್‌ಎಸ್‌ಆರ್‌ಗೆ 3ರಿಂದ 3.5 ಬೇಕು, ನಿಧಾನಕ್ಕೆ ಓಡಿಸಬೇಕು, ಇಲ್ಲದಿದ್ದರೆ ಹತ್ತಿಪ್ಪತ್ತು ಬೇಸ್ ಜೋಡಿಯ ಅಂತರ ಒಂದೇ ಪಟ್ಟಿಯಾಗಿ ಕಾಣುತ್ತೆ. ಎಥಿಡಿಯಂ ಬ್ರೋಮೈಡ್ ಡಿಎನ್ಎಗೇ ಅಂಟುವ ವಸ್ತು, ನೈಟ್ರೈಲ್ ಕೈಗವಸು ಇಲ್ಲದೆ ಜೆಲ್ ಮುಟ್ಟಬೇಡಿ. ಅದೇ ಗವಸಲ್ಲಿ ಬಾಗಿಲ ಹಿಡಿಕೆಯನ್ನೂ ಮುಟ್ಟಬೇಡಿ.

ಪಟ್ಟಿಯೇ ಬರದಿದ್ದರೆ ಡಿಎನ್ಎ ಇನ್ನಷ್ಟು ಸುರಿಯುವುದು ಎಲ್ಲರ ಮೊದಲ ಯೋಚನೆ. ಉಲ್ಟಾ ಮಾಡಿ, ಹತ್ತು ಪಟ್ಟು ತೆಳು ಮಾಡಿ ನೋಡಿ. ಜತೆಗೆ ಬಂದ ಫಿನಾಲ್, ಪಾಲಿಸ್ಯಾಕರೈಡ್‌ಗಳೇ ಟ್ಯಾಕ್‌ನ ಕೈಕಟ್ಟುತ್ತವೆ, ತೆಳುವಾದರೆ ಬಿಡುತ್ತವೆ.

ಹೊಸಚಿಗುರು
ಎರಡೂ ಪಟ್ಟಿ ಇರಬೇಕಾದ ಗಿಡದಲ್ಲಿ ಮೇಲಿನದು ಮಸುಕಾಗಿದ್ದರೆ? ಅದನ್ನು ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ?

ಜೆಲ್‌ಪಟ್ಟಿ
ಈ ಮೂರರಲ್ಲಿ ಎರಡಕ್ಕೆ ಇದೇ ದೊಡ್ಡ ತಲೆನೋವು. ಎಕ್ಸ್‌ಎ13 ಪ್ರಾಮ್, ಪಿಟಿಎ248 ಎರಡರಲ್ಲೂ ನಮಗೆ ಬೇಕಾದದ್ದು ಉದ್ದದ ಪಟ್ಟಿ. ಪಿಸಿಆರ್ ಚಿಕ್ಕ ತುಂಡನ್ನು ಸುಲಭವಾಗಿ ನಕಲು ಮಾಡುತ್ತೆ, ಉದ್ದದ್ದು ಹಿಂದೆ ಬೀಳುತ್ತೆ. ಜೆಲ್ ನೋಡುವವರು ಮಸುಕಾದ 500ನ್ನು ಕಡೆಗಣಿಸಿ 250 ಮಾತ್ರ ಬರೆದುಕೊಂಡರೆ ಒಳ್ಳೆ ಗಿಡ ಕಸಕ್ಕೆ ಹೋಯಿತು.

ಉಪಾಯ ಅಗ್ಗದ್ದೇ. ಪ್ರತಿ ಜೆಲ್‌ನಲ್ಲಿ ಬಿಪಿಟಿ, ದಾನಿ, ಎಫ್1 (ಅವೆರಡರ ಮೊದಲ ಮಿಶ್ರ ತಲೆಮಾರು) ಮೂರೂ ಇರಲಿ, ನೀರು ಹಾಕಿದ ಖಾಲಿ ಟ್ಯೂಬ್ ಕೂಡ. ಎಫ್1 ಇಲ್ಲದಿದ್ದರೆ ಎರಡೂ ಪೋಷಕರ ಡಿಎನ್ಎ ಸಮ ಸಮ ಬೆರೆಸಿ ಹಾಕಿ. ಆ ಸಾಲಿನಲ್ಲಿ ಮೇಲಿನ ಪಟ್ಟಿ ಎಷ್ಟು ಮಸುಕು ಇದೆಯೋ ಅದೇ ನಿಮ್ಮ ಅಳತೆಗೋಲು. ಅನುಮಾನದ ಗಿಡಗಳಿಗೆ 72 ಡಿಗ್ರಿಯ ಸಮಯ ಹೆಚ್ಚಿಸಿ ಇನ್ನೊಮ್ಮೆ ಓಡಿಸಿ. ನೀರಿನ ಟ್ಯೂಬಿನಲ್ಲಿ ಪಟ್ಟಿ ಬಂತೋ, ಆ ಪ್ಲೇಟ್ ಪೂರ್ತಿ ಎಸೆಯಿರಿ. ಅದರಲ್ಲಿ ಚೆನ್ನಾಗಿ ಕಾಣುವ ಸಾಲುಗಳನ್ನು ಆರಿಸಿಕೊಳ್ಳಬೇಡಿ.

ಇನ್ನೊಂದು, ಹೇಳಲು ಸಣ್ಣದು: ಮಾರ್ಕರ್ ಪೆನ್ನಿನ ಶಾಯಿ ಎಥನಾಲ್, ಕ್ಲೋರೋಫಾರ್ಮ್ ತಗುಲಿದರೆ ಅಳಿಸಿಹೋಗುತ್ತೆ. ಮುಚ್ಚಳದ ಮೇಲೆ ಬರೆದ 37 ಆಮೇಲೆ 31 ಥರ ಕಾಣುತ್ತೆ. ಮುಚ್ಚಳದ ಮೇಲೂ ಪಕ್ಕದಲ್ಲೂ ಬರೆದು ಪಾರದರ್ಶಕ ಟೇಪ್ ಸುತ್ತಿ. ಗದ್ದೆಯ ಲೇಬಲ್‌ಗೆ ಸೀಸದ ಕಡ್ಡಿಯೇ ಸರಿ.

ತಳಿಸಾಲು
ಗದ್ದೆ ಕಡೆಯದ್ದು ನಾನು ಸೇರಿಸುತ್ತೇನೆ. ಬ್ಯಾಕ್‌ಕ್ರಾಸ್‌ನಲ್ಲಿ ಯಾರು ತಾಯಿ ಅನ್ನುವುದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಬಿಪಿಟಿಯನ್ನೇ ತಾಯಿ ಮಾಡಿ, ಆರಿಸಿದ ಗಿಡದ ಪರಾಗ ಹಾಕಿ. ಸಂಜೆ ಹೂವಿನ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಆರೂ ಪರಾಗಕೋಶ ತೆಗೆದು, ಬಟರ್ ಪೇಪರ್ ಚೀಲ ಕಟ್ಟಬೇಕು. ಮಾರನೇ ಬೆಳಗ್ಗೆ ಗಂಡು ತೆನೆಯ ಹೂ ಅರಳಿದಾಗ ಉದುರಿಸಬೇಕು. ಎಷ್ಟೇ ಎಚ್ಚರ ಇದ್ದರೂ ಒಂದೊಂದು ಪರಾಗಕೋಶ ಉಳಿದು ಸ್ವಪರಾಗ ಆಗಿಯೇ ಆಗುತ್ತೆ. ಬಿಪಿಟಿ ತಾಯಿಯಾಗಿದ್ದರೆ ಆ ಕಾಳಿನಲ್ಲಿ ಬರೀ ಬಿಪಿಟಿ ಪಟ್ಟಿ, ಮಾರ್ಕರ್ ನೋಡಿದಾಗ ತಾನಾಗಿ ಹೊರಬೀಳುತ್ತೆ. ಮಿಶ್ರ ಗಿಡವೇ ತಾಯಿಯಾಗಿದ್ದರೆ ಸ್ವಪರಾಗದ ಕಾಳಿನಲ್ಲೂ ದಾನಿಯ ಪಟ್ಟಿ ಇರುತ್ತೆ, ಮೋಸ ಗೊತ್ತಾಗಲ್ಲ. ಬ್ಯಾಕ್‌ಕ್ರಾಸ್ ಗಿಡದಲ್ಲಿ ದಾನಿಯ ಪಟ್ಟಿ ಒಂದೇ ಕಂಡರೆ ಅಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಬ್ಯಾಕ್‌ಕ್ರಾಸ್ ನಿಯಮದಲ್ಲಿ ಅಂಥ ಗಿಡ ಹುಟ್ಟುವಂತೆಯೇ ಇಲ್ಲ.

ಸಮಯ ಕೂಡ. ಜೆಲ್ ಫಲಿತಾಂಶ ತೆನೆ ಬರುವ ಮುಂಚೆ ಕೈಗೆ ಬರಬೇಕು. ಇಪ್ಪತ್ತು ದಿನದ ಸಸಿಯಲ್ಲಿ ಎಲೆ ತೆಗೆದರೆ ಮೊದಲು ಎಕ್ಸ್‌ಎ21 ನೋಡಿ ಅರ್ಧ ಗಿಡ ಬಿಡಬಹುದು, ಉಳಿದ ಅರ್ಧಕ್ಕೆ ಎಕ್ಸ್‌ಎ13, ಅದರ ಅರ್ಧಕ್ಕೆ ಎಕ್ಸ್‌ಎ5. 60 ಮಾರ್ಕರ್‌ನ ಹಿನ್ನೆಲೆ ಪರೀಕ್ಷೆ ಕೊನೆಗೆ ಉಳಿದ ಹತ್ತು ಹನ್ನೆರಡಕ್ಕೆ ಮಾತ್ರ. ಈ ಕ್ರಮ ಬಿಟ್ಟರೆ ಖರ್ಚು ಕೈಮೀರುತ್ತೆ.

ಬೀಜದಂಗಳ
ಇದೆಲ್ಲ ತಳಿ ಮಾಡುವವರ ಮಾತಾಯಿತು. ಹೈಬ್ರಿಡ್ ಬೀಜದ ಶುದ್ಧತೆ ನೋಡಲೂ ಮಾರ್ಕರ್ ಆಗುತ್ತದಲ್ಲ? ಬೀಜ ಬಿತ್ತಿ ಬೆಳೆಸಿ ನೋಡುವ ಪರೀಕ್ಷೆಗೆ ಒಂದು ಹಂಗಾಮೇ ಹೋಗುತ್ತೆ, ಅಷ್ಟು ದಿನ ದಾಸ್ತಾನು ಗೋದಾಮಿನಲ್ಲಿ ಕೂತಿರಬೇಕು.

ಜೆಲ್‌ಪಟ್ಟಿ
ಆಗುತ್ತೆ, ಕೆಲವೇ ದಿನದಲ್ಲಿ. ಮಂಡ್ಯದ ಕೆಆರ್‌ಹೆಚ್-2 ತಗೊಳ್ಳಿ: ತಾಯಿ ಐಆರ್ 58025ಎ, ತಂದೆ ಕೆಎಂಆರ್-3ಆರ್. ಇಬ್ಬರ ನಡುವೆ ಉದ್ದ ಬೇರೆ ಬರುವ ಎಸ್‌ಎಸ್‌ಆರ್ ಆರಿಸಿದರೆ ನಿಜವಾದ ಹೈಬ್ರಿಡ್ ಕಾಳಿನಲ್ಲಿ ಎರಡೂ ಪಟ್ಟಿ. ತಾಯಿಯ ಪಟ್ಟಿ ಮಾತ್ರ ಬಂದರೆ ತಾಯಿ ಸಾಲಿನಲ್ಲಿ ಬಿ ಲೈನ್ (ತಾಯಿ ಸಾಲನ್ನು ಉಳಿಸಿಕೊಳ್ಳಲು ಬೆಳೆಸುವ, ಅದರಂತೆಯೇ ಇರುವ ಸಾಲು) ಬೆರಕೆಯಾಗಿದೆ ಅಂತ ಅನುಮಾನಿಸಿ. ತಂದೆಯದು ಮಾತ್ರ ಬಂದರೆ ಕೊಯ್ಲಿನಲ್ಲೋ ಒಕ್ಕಣೆಯಲ್ಲೋ ಗಂಡು ಸಾಲು ಸೇರಿಕೊಂಡಿದೆ.

ಆದರೆ ಕಾಳುಗಳನ್ನು ಒಟ್ಟಿಗೆ ಅರೆದು ಪರೀಕ್ಷೆ ಮಾಡಬೇಡಿ. ತಾಯಿ ಕಾಳು, ತಂದೆ ಕಾಳು ಬೆರೆತ ಹಿಟ್ಟೂ ಎರಡು ಪಟ್ಟಿ ತೋರಿಸುತ್ತೆ, ಹೈಬ್ರಿಡ್ ಥರವೇ. ಒಂದೊಂದು ಸಸಿ ಬೇರೆ ಬೇರೆ ನೋಡಲೇಬೇಕು.

ಬೀಜದಂಗಳ
ಇದು ಬಿಟಿ ಥರ ಕುಲಾಂತರಿ ಅಂತ ರೈತರು ಕೇಳುತ್ತಾರೆ.

ತಳಿಸಾಲು
ಇಂಪ್ರೂವ್ಡ್ ಸಾಂಬಾ ಮಸೂರಿ ಕುಲಾಂತರಿ ಅಲ್ಲ. ಜೀನ್ ಬಂದದ್ದು ಪರಾಗದ ಮೂಲಕವೇ, ಭತ್ತದಿಂದ ಭತ್ತಕ್ಕೆ. ಲ್ಯಾಬಿಗೆ ಹೋದದ್ದು ಎಲೆಯ ಚೂರು ಮಾತ್ರ, ಯಾವ ಗಿಡ ಇಟ್ಟುಕೊಳ್ಳಬೇಕು ಅಂತ ನೋಡಲು.

ಹೊಸಚಿಗುರು
ಕೊನೆಯ ಪ್ರಶ್ನೆ. ಮೂರೂ ಮಾರ್ಕರ್ ಸರಿಯಾಗಿದ್ದೂ ಗದ್ದೆಯಲ್ಲಿ ಎಲೆ ತುದಿ ಒಣಗುತ್ತಿದ್ದರೆ?

ರೋಗಲಕ್ಷಣ
ಮೊದಲು ಅದು ಅಂಗಮಾರಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಒಣಗಿದ ಭಾಗ ಮತ್ತು ಹಸಿರು ಭಾಗ ಸೇರುವ ಕಡೆ ಎಲೆ ಕತ್ತರಿಸಿ, ಗಾಜಿನ ಲೋಟದ ಸ್ವಚ್ಛ ನೀರಿನಲ್ಲಿ ಕತ್ತರಿಸಿದ ತುದಿ ಕೆಳಗೆ ಬರುವಂತೆ ಹಿಡಿಯಿರಿ. ಅಂಗಮಾರಿಯಾದರೆ ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿಯುತ್ತೆ. ಇಳಿಯದಿದ್ದರೆ ಪೋಷಕಾಂಶದ ಕೊರತೆ, ಉಪ್ಪು, ಬಿಸಿಲು, ಬೇರೆ ಕಾರಣ ಹುಡುಕಿ.

ಅಂಗಮಾರಿಯೇ ಆಗಿದ್ದರೆ ಗಿಡದ ವಯಸ್ಸು ನೋಡಿ. ಎಕ್ಸ್‌ಎ21 ಎಳೆ ಸಸಿಯಲ್ಲಿ ಪೂರ್ತಿ ಕೆಲಸ ಮಾಡಲ್ಲ, ಗಿಡ ಬಲಿತಂತೆ ಶಕ್ತಿ ಬರುತ್ತೆ. ಮಡಿಯಲ್ಲೇ ಕಾಣಿಸಿಕೊಂಡರೆ ಆ ಜೀನ್ ಸೋತಿತು ಅಂತ ತೀರ್ಮಾನ ಮಾಡಬೇಡಿ. ಎಕ್ಸ್‌ಎ13, ಎಕ್ಸ್‌ಎ5 ಜೋಡಿ ಪ್ರತಿ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಒಂದೇ ಪ್ರತಿಯ ಗಿಡವನ್ನು ನಿರೋಧಕ ಅಂತ ಪಟ್ಟಿಗೆ ಸೇರಿಸಿರಬಹುದು. ಮಾರ್ಕರ್‌ನಿಂದ ಜೀನ್ ಬೇರ್ಪಟ್ಟಿರುವ ಸಾಧ್ಯತೆಯನ್ನು ಎಣಿಕೆಯವರು ಆಗಲೇ ಹೇಳಿದ್ದಾರೆ. ಹಾಗಾಗಿ ಕೊನೆಯ ಸಾಲುಗಳಿಗೆ ರೋಗ ಕೊಟ್ಟು ನೋಡದೆ ಬಿಡುಗಡೆ ಮಾತು ಬೇಡ.

ವಿಧಾನ ಇದು: ತಾಜಾ ದುಂಡಾಣುವನ್ನು ಪ್ರತಿ ಮಿಲಿಲೀಟರ್‌ಗೆ 10ರ 8 ಅಥವಾ 9ನೇ ಘಾತದಷ್ಟು ನೀರಿನಲ್ಲಿ ಕಲಸಿ, ಕತ್ತರಿ ಅದರಲ್ಲಿ ಅದ್ದಿ, ಪೂರ್ತಿ ಬಿಚ್ಚಿದ ಎಲೆಗಳ ತುದಿ 2–3 ಸೆಂಟಿಮೀಟರ್ ಕತ್ತರಿಸಿ. ಸಂಜೆ ಮಾಡಿ, ಮಧ್ಯಾಹ್ನದ ಬಿಸಿಲಲ್ಲಿ ದುಂಡಾಣು ಒಣಗಿ ಸತ್ತರೆ ಎಲ್ಲ ಗಿಡವೂ ನಿರೋಧಕ ಅನ್ನಿಸಿಬಿಡುತ್ತೆ. ಅದಕ್ಕೇ ಪಕ್ಕದಲ್ಲಿ ಹಳೆ ಬಿಪಿಟಿ ಸಾಲು ಇರಬೇಕು. ಹದಿನಾಲ್ಕು ದಿನ ಆದಮೇಲೆ ಸ್ಕೇಲ್ ಹಿಡಿದು ಒಣಗಿದ ಉದ್ದ ಅಳೆಯಿರಿ. ಹಳೆ ಬಿಪಿಟಿ ಚೆನ್ನಾಗಿ ಒಣಗಿರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು.

ಹೊಸಚಿಗುರು
ಒಂದೇ ಊರಿನ ದುಂಡಾಣು ಸಾಕೇ?

ರೋಗಲಕ್ಷಣ
ಸಾಲದು. ಈ ದುಂಡಾಣುವಿನಲ್ಲಿ ಒಂದು ಜೀನನ್ನು ಮುರಿಯುವ, ಇನ್ನೊಂದಕ್ಕೆ ಸೋಲುವ ಬೇರೆ ಬೇರೆ ಪಂಗಡಗಳಿವೆ. ಮೂರು ಜೀನ್ ಒಟ್ಟಿಗೆ ಸೇರಿಸಿದ್ದೇ ಅದಕ್ಕೆ. ತಳಿ ಬೆಳೆಯುವ ಪ್ರದೇಶಗಳಿಂದ ತಂದ ಮೂರ್ನಾಲ್ಕು ಬಗೆಯನ್ನಾದರೂ ಬೇರೆ ಬೇರೆ ಗಿಡಗಳ ಮೇಲೆ ನೋಡಿ. ಎಲ್ಲವನ್ನೂ ಒಂದೇ ಲೋಟದಲ್ಲಿ ಬೆರೆಸಿ ಕತ್ತರಿ ಅದ್ದಿದರೆ ಯಾವುದು ಮುರಿಯಿತು ಅಂತ ಹೇಳಕ್ಕಾಗಲ್ಲ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು 70 ಶೇಕಡಾ ಎಥನಾಲ್‌ನಲ್ಲಿ ಒರೆಸಿ, ಒಣಗಿಸಿ ಬಳಸಿ.